ಎದೆಹಾಲಿನ ಪಂಪು

ಬಾಣಂತಿಯ ಎದೆಯಿಂದ ಹಾಲನ್ನು ಮಗು ಚೀಪದೆಯೇ ಹೊರಕ್ಕೆ ತೆಗೆಯುವ ಸಾಧನ. ಮೆಡಿಕಲ್ ಶಾಪಿನಲ್ಲೂ ಆಸ್ಪತ್ರೆಯಲ್ಲೂ ಮನೆಯಲ್ಲೂ ಇದರ ಹೆಸರು ಬ್ರೆಸ್ಟ್ ಪಂಪ್ ಎಂದೇ. ಅವಧಿಗೆ ಮುನ್ನ ಹುಟ್ಟಿದ ಮಗು ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ (ಎನ್‌ಐಸಿಯು) ಇರುವಾಗ, ಹೆರಿಗೆ ರಜೆ ಮುಗಿಸಿ ತಾಯಿ ಕೆಲಸಕ್ಕೆ ಮರಳಿದಾಗ, ಎದೆ ಕಟ್ಟಿ ಕಲ್ಲಿನಂತಾಗಿ ಮಗುವಿಗೆ ತೊಟ್ಟು ಸಿಗದಾದಾಗ ಇದು ಬೇಕಾಗುತ್ತದೆ. ದಿನವಿಡೀ ಮಗುವಿನ ಜೊತೆಗೇ ಇದ್ದು, ಮಗು ಚೆನ್ನಾಗಿ ಕುಡಿಯುತ್ತ ತೂಕ ಏರಿಸಿಕೊಳ್ಳುತ್ತಿದ್ದರೆ ತಾಯಿಗೆ ಪಂಪಿನ ಅಗತ್ಯವೇ ಇಲ್ಲ. ಸೀಮಂತದ ಉಡುಗೊರೆಗಳ ಪಟ್ಟಿಯಲ್ಲಿ ಅದು ಈಚೆಗೆ ಜಾಗ ಹಿಡಿದಿರುವುದರಿಂದ ಈ ಮಾತನ್ನು ಮೊದಲೇ ಹೇಳಬೇಕಾಯಿತು.

ಪಂಪು ಬಳಸುವಾಗ ನೋವು ಸಹಜ, ತಾಯಿಯಾದವಳು ಸಹಿಸಬೇಕು ಎಂಬ ಭಾವನೆ ವ್ಯಾಪಕವಾಗಿದೆ. ಅದು ತಪ್ಪು. ಸರಿಯಾದ ಅಳತೆಯ ಪಂಪನ್ನು ಸರಿಯಾಗಿ ಬಳಸಿದರೆ ಜಗ್ಗಿದಂತೆ ಅನಿಸುತ್ತದೆಯೇ ಹೊರತು ನೋಯುವುದಿಲ್ಲ. ನೋವಾಗುತ್ತಿದೆ ಎಂದರೆ ಅಳತೆ, ಎಳೆತದ ಮಟ್ಟ, ಕೂರುವ ಭಂಗಿ, ಯಂತ್ರದ ಬಿಡಿಭಾಗ ಇವುಗಳಲ್ಲಿ ಒಂದು ಕೆಟ್ಟಿದೆ ಎಂದರ್ಥ. ನೋವು ಹಾಲನ್ನೂ ತಡೆಯುತ್ತದೆ. ಕಾರಣ ತಿಳಿಯಲು ಹಾಲು ಹೇಗೆ ಇಳಿಯುತ್ತದೆ ಎಂಬುದನ್ನು ನೋಡಬೇಕು.

ಹಾಲು ಇಳಿಯುವ ಬಗೆ

ಎದೆಯೊಳಗೆ ದ್ರಾಕ್ಷಿಗೊಂಚಲಿನಂತೆ ಜೋತ ಪುಟ್ಟ ಕೋಶಗಳಲ್ಲಿ ಹಾಲು ತಯಾರಾಗುತ್ತದೆ. ಅಲ್ಲಿಂದ ಹೊರಟ ನಾಳಗಳು ಒಂದಕ್ಕೊಂದು ಕೂಡಿಕೊಳ್ಳುತ್ತ ತೊಟ್ಟಿಗೆ ಬಂದು ಸೇರುತ್ತವೆ. ಇಂಗ್ಲೆಂಡಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ 1840ರಲ್ಲಿ ಪ್ರಕಟಿಸಿದ ಚಿತ್ರಗಳನ್ನು ನಂಬಿ, ತೊಟ್ಟಿನ ಹಿಂದೆ ಹಾಲು ತುಂಬಿಕೊಳ್ಳುವ ಚೀಲಗಳಿವೆ ಎಂದು ಪಠ್ಯಪುಸ್ತಕಗಳು ಒಂದೂವರೆ ಶತಮಾನ ಹೇಳುತ್ತ ಬಂದವು. ಪಶ್ಚಿಮ ಆಸ್ಟ್ರೇಲಿಯ ವಿಶ್ವವಿದ್ಯಾಲಯದ ಸಂಶೋಧಕರು ಹಾಲೂಡಿಸುವ ತಾಯಂದಿರ ಎದೆಯನ್ನು ಅಲ್ಟ್ರಾಸೌಂಡ್‌ನಲ್ಲಿ ಪರೀಕ್ಷಿಸಿ 2005ರಲ್ಲಿ ಬೇರೆಯದೇ ಚಿತ್ರ ಕೊಟ್ಟರು. ಅಂಥ ಚೀಲಗಳು ಅವರಿಗೆ ಕಾಣಲಿಲ್ಲ. ಮುಖ್ಯ ನಾಳಗಳು ಸರಾಸರಿ ಒಂಬತ್ತು ಇದ್ದವು. ಅವು ಚರ್ಮದ ತೀರ ಹತ್ತಿರ ಹಾದುಹೋಗುತ್ತಿದ್ದು, ಸ್ವಲ್ಪ ಒತ್ತಿದರೂ ಮುಚ್ಚಿಕೊಳ್ಳುತ್ತಿದ್ದವು. ಗಾಳಿ ನುಸುಳೀತೆಂಬ ಭಯಕ್ಕೆ ಪಂಪನ್ನು ಎದೆಗೆ ಬಿಗಿಯಾಗಿ ಒತ್ತಿ ಹಿಡಿಯುವವರಿಗೆ ಹಾಲು ಕಡಿಮೆ ಬರುವುದೇಕೆ ಎಂಬುದಕ್ಕೆ ಇದರಲ್ಲೇ ಉತ್ತರವಿದೆ.

ಹಾಲನ್ನು ತಯಾರಿಸಲು ಹೇಳುವುದು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು, ತಯಾರಾದದ್ದನ್ನು ಹೊರಕ್ಕೆ ನೂಕುವುದು ಆಕ್ಸಿಟೋಸಿನ್. ತೊಟ್ಟಿಗೆ ಮಗುವಿನ ಬಾಯಿ ತಾಕಿದಾಗ, ಕೆಲವೊಮ್ಮೆ ಮಗುವಿನ ಅಳು ಕಿವಿಗೆ ಬಿದ್ದರೂ ಸಾಕು, ಮೆದುಳಿನಿಂದ ಆಕ್ಸಿಟೋಸಿನ್ ರಕ್ತಕ್ಕೆ ಬರುತ್ತದೆ; ಕೋಶಗಳ ಸುತ್ತಲಿನ ಸ್ನಾಯುಗಳು ಹಿಂಡಿಕೊಳ್ಳುತ್ತವೆ; ಎದೆ ಜುಮ್ಮೆಂದು ಹಾಲು ಇಳಿಯುತ್ತದೆ. ದನ ಸಾಕಿದವರು ಇದನ್ನು ಸೊರೆ ಬಿಡುವುದು ಎನ್ನುತ್ತಾರೆ. ಕರುವನ್ನು ಬಿಟ್ಟು ಸೊರೆ ಬಿಡಿಸದೆ ಕೆಚ್ಚಲಿಗೆ ಕೈ ಹಾಕಿದರೆ ಹಸು ಹಾಲು ಕೊಡುವುದಿಲ್ಲ. ಹೊಡೆದರೆ, ಬೆದರಿಸಿದರೆ ಇನ್ನೂ ಕೊಡುವುದಿಲ್ಲ. ಹೆಣ್ಣಿನ ಎದೆಯದೂ ಇದೇ ನಿಯಮ. ಭಯ, ನೋವು, ಅವಸರ, ಬಾಗಿಲು ಯಾವಾಗ ತೆರೆದುಕೊಳ್ಳುವುದೋ ಎಂಬ ಆತಂಕ, ಇವೆಲ್ಲ ಆಕ್ಸಿಟೋಸಿನ್ನಿಗೆ ಅಡ್ಡ ಬರುತ್ತವೆ. ಸೊರೆ ಬಿಡದ ಎದೆಯಿಂದ ಎಷ್ಟು ಬಲವಾದ ಯಂತ್ರಕ್ಕೂ ಸಿಗುವುದು ನಾಲ್ಕು ಹನಿ. ಪಂಪಿನ ವಿಷಯದಲ್ಲಿ ಆರಾಮಕ್ಕೆ ಇಷ್ಟು ಒತ್ತು ಕೊಡುವುದು ಇದಕ್ಕಾಗಿಯೇ.

ಕೆಲವು ತಾಯಂದಿರಿಗೆ ಹಾಲು ಇಳಿಯುವ ಹೊತ್ತಿಗೆ ಸರಿಯಾಗಿ ಕಾರಣವಿಲ್ಲದ ದುಗುಡವೊಂದು ಆವರಿಸಿ, ಒಂದೆರಡು ನಿಮಿಷದಲ್ಲಿ ತಾನಾಗಿ ಹೋಗುತ್ತದೆ. ಇದು ಹಾರ್ಮೋನಿನ ಏರಿಳಿತಕ್ಕೆ ಸಂಬಂಧಿಸಿದ್ದೆಂದು ತಿಳಿಯಲಾಗಿದೆ. ಮಗುವಿನ ಮೇಲೆ ಅವಳಿಗೆ ಅಕ್ಕರೆ ಇಲ್ಲವೆಂದು ಯಾರೂ ಭಾವಿಸಬೇಕಿಲ್ಲ.

ಇನ್ನೊಂದು ನಿಯಮ ಎದೆಯಲ್ಲಿ ಉಳಿದ ಹಾಲಿಗೆ ಸೇರಿದ್ದು. ಖಾಲಿಯಾದಷ್ಟೂ ಎದೆ ಬೇಗ ತುಂಬುತ್ತದೆ, ತುಂಬಿಕೊಂಡೇ ಇದ್ದರೆ ತಯಾರಿಕೆ ನಿಧಾನವಾಗುತ್ತದೆ. ಮೆಂತ್ಯ, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪಿನ ಬಾಣಂತಿ ಅಡುಗೆ ನಾಲಿಗೆಗೂ ಮೈಗೂ ಹಿತವೇ ಸರಿ, ಆದರೆ ಹಾಲಿನ ಪ್ರಮಾಣವನ್ನು ತೀರ್ಮಾನಿಸುವುದು ಎದೆ ದಿನಕ್ಕೆ ಎಷ್ಟು ಸಲ ಖಾಲಿಯಾಯಿತು ಎಂಬ ಲೆಕ್ಕವೇ. ಬಾಣಂತಿಗೆ ನೀರು ಕುಡಿಸಬಾರದೆಂಬ ಕಟ್ಟುಪಾಡಿಗಂತೂ ಯಾವ ಆಧಾರವೂ ಇಲ್ಲ. ಬಾಯಾರಿದಷ್ಟು ಕುಡಿಯಬೇಕು.

ಹಿನ್ನೆಲೆ

ಎದೆ ಕಟ್ಟಿದಾಗ ಹಾಲನ್ನು ಹೀರಿ ತೆಗೆಯುವ ಗಾಜಿನ ಉಪಕರಣಗಳು ಯೂರೋಪಿನಲ್ಲಿ ಶತಮಾನಗಳ ಹಿಂದೆಯೇ ಬಳಕೆಯಲ್ಲಿದ್ದವು. ತಾಯಿಯೇ ಉದ್ದನೆಯ ಕೊಳವೆಯ ತುದಿಗೆ ಬಾಯಿಟ್ಟು ಹೀರಿಕೊಳ್ಳುವಂತೆ ಅವುಗಳಲ್ಲಿ ಕೆಲವನ್ನು ರೂಪಿಸಿದ್ದರು. ಅಮೆರಿಕದಲ್ಲಿ ಪಂಪಿಗೆ ಮೊದಲ ಪೇಟೆಂಟ್ ಪಡೆದವರು ಆರ್ವೆಲ್ ನೀಡ್‌ಹ್ಯಾಮ್, 1854ರಲ್ಲಿ. 1920ರ ದಶಕದಲ್ಲಿ ಷಿಕಾಗೋದ ಮಕ್ಕಳ ವೈದ್ಯ ಐಸಾಕ್ ಆಬ್ಟ್ ಅವರ ಬಳಕೆಗಾಗಿ ವಿದ್ಯುತ್ ಪಂಪೊಂದನ್ನು ಸಿದ್ಧಪಡಿಸಿದವರು ಎಡ್ವರ್ಡ್ ಲಾಸ್ಕರ್ ಎಂಬ ಎಂಜಿನಿಯರ್. ಈ ಲಾಸ್ಕರ್ ಚದುರಂಗದ ದೊಡ್ಡ ಆಟಗಾರರೂ ಹೌದು. ವಿಶ್ವ ಚಾಂಪಿಯನ್ ಇಮಾನ್ಯುಯೆಲ್ ಲಾಸ್ಕರ್ ಮಾತ್ರ ಬೇರೆ.

ಆರಾಮದ ಪ್ರಶ್ನೆಯನ್ನು ಮೊದಲು ಗಂಭೀರವಾಗಿ ಕೈಗೆತ್ತಿಕೊಂಡವರು ಸ್ವೀಡನ್ನಿನ ಎಂಜಿನಿಯರ್ ಐನಾರ್ ಎಗ್ನೆಲ್. ಅಂದಿನ ಪಂಪುಗಳು ಹಾಲು ಕರೆಯುವ ಯಂತ್ರದ ವರಸೆಯವು. ತೊಟ್ಟಿಗೆ ಗಾಯ ಮಾಡುತ್ತಿದ್ದವು. ಎಗ್ನೆಲ್ ಎಳೆತವನ್ನು ಅಳೆದು ನೋಡಿ, ಸುಮಾರು 200 ಮಿಲಿಮೀಟರ್ ಪಾದರಸದ ಒಳಗಿದ್ದರೆ ಚರ್ಮಕ್ಕೆ ಹಾನಿಯಿಲ್ಲ ಎಂದು ಕಂಡುಕೊಂಡರು. ಎಳೆಯುವುದು, ಬಿಡುವುದು, ನಡುವೆ ಕೊಂಚ ವಿರಾಮ ಕೊಡುವುದು ಎಂಬ ಆವರ್ತವನ್ನು ರೂಪಿಸಿದರು. ಸ್ಟಾಕ್‌ಹೋಮಿನ ಆಸ್ಪತ್ರೆಯ ದಾದಿ ಮಾಯಾ ಕಿಂಡ್‌ಬೆರಿ ತಾಯಂದಿರ ಜೊತೆ ಅದನ್ನು ಪ್ರಯೋಗಿಸಿ ನೋಡಲು ನೆರವಾದರು. 1956ರ ಆ ಯಂತ್ರಕ್ಕೆ ಸಿಸ್ಟರ್ ಮಾಯಾ ಪಂಪು ಎಂದೇ ಹೆಸರಾಯಿತು. ಇಂದಿನ ಪಂಪುಗಳಲ್ಲಿ ಬಹುಪಾಲು ಎಗ್ನೆಲ್ಲರ ಆ ಲೆಕ್ಕದ ಆಸುಪಾಸಿನಲ್ಲೇ ಕೆಲಸ ಮಾಡುತ್ತವೆ. 1961ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಶುರುವಾದ ಮೆಡೆಲಾ ಕಂಪನಿ ವಿದ್ಯುತ್ ಪಂಪನ್ನು ಆಸ್ಪತ್ರೆಯಿಂದ ಮನೆಗೆ ತಂದಿತು. ಬ್ರಾ ಒಳಗೇ ಇಟ್ಟುಕೊಳ್ಳುವ, ತಂತಿಯಿಲ್ಲದ ಪಂಪುಗಳು ಬಂದದ್ದು 2017-18ರ ಸುಮಾರಿಗೆ.

ಈ ಚರಿತ್ರೆಯಲ್ಲಿ ದಾವಣಗೆರೆಗೂ ಒಂದು ಸ್ಥಾನವಿದೆ. ಒಳಕ್ಕೆ ತಿರುಗಿದ ತೊಟ್ಟಿನಿಂದಾಗಿ ಹಾಲೂಡಿಸಲು ಆಗದ ತಾಯಂದಿರಿಗೆ ಅಲ್ಲಿನ ಮಕ್ಕಳ ವೈದ್ಯೆ ನಿರ್ಮಲಾ ಕೇಸರಿ, ಸಿ. ಆರ್. ಬಾಣಾಪುರಮಠ ಮತ್ತು ಸಂಗಡಿಗರು ಬಳಸಿದ ಸಾಧನ ಒಂದು ಪ್ಲಾಸ್ಟಿಕ್ ಸಿರಿಂಜು. ಅದರ ಸೂಜಿ ಸಿಕ್ಕಿಸುವ ತುದಿಯನ್ನು ಕತ್ತರಿಸಿ ಹಾಕುತ್ತಾರೆ. ಒಳಗಿನ ದಂಡವನ್ನು ಹೊರತೆಗೆದು ಆ ಕತ್ತರಿಸಿದ ಕಡೆಯಿಂದ ತೂರಿಸುತ್ತಾರೆ. ನುಣುಪಾದ ಅಂಚುಳ್ಳ ಇನ್ನೊಂದು ಬಾಯಿ ತೊಟ್ಟಿನ ಮೇಲೆ ಕೂರುತ್ತದೆ. ಮಗುವಿಗೆ ಹಾಲು ಕೊಡುವ ಮುನ್ನ ಅರ್ಧ ಅಥವಾ ಒಂದು ನಿಮಿಷ, ದಂಡವನ್ನು ತಾಯಿಯೇ ಮೆಲ್ಲಗೆ ಎಳೆದು ಹಿಡಿಯುತ್ತಾಳೆ, ತೊಟ್ಟು ಹೊರಗೆ ಬರುತ್ತದೆ. ಎಳೆತ ಅವಳ ಕೈಯಲ್ಲೇ ಇರುವುದರಿಂದ ನೋಯುವ ಮೊದಲೇ ನಿಲ್ಲಿಸಬಹುದು. ಈ ವಿಧಾನದ ವರದಿ 1993ರಲ್ಲಿ ಸ್ತನ್ಯಪಾನಕ್ಕೆ ಮೀಸಲಾದ ಅಂತಾರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಎಲ್ಲ ಊರಿನ ಮೆಡಿಕಲ್ ಶಾಪಿನಲ್ಲೂ ಕೆಲವೇ ರೂಪಾಯಿಗೆ ಸಿಗುವ ವಸ್ತುವಿನಿಂದ ಇಷ್ಟು ಸಾಧಿಸಿದ್ದನ್ನು, ಹತ್ತಾರು ಸಾವಿರದ ಪಂಪಿನ ಜಾಹೀರಾತು ನೋಡುವಾಗಲೆಲ್ಲ ನೆನೆಯುವುದು ಒಳ್ಳೆಯದು.

ಬಗೆಗಳು

ಅತಿ ಅಗ್ಗದ್ದು ರಬ್ಬರ್ ಬುರುಡೆಯ ಪಂಪು. ಹಳೆಯ ಆಟೋದ ಹಾರ್ನಿನಂತಿರುತ್ತದೆ. ಎಳೆತದ ಮೇಲೆ ಹಿಡಿತವಿಲ್ಲ, ಬುರುಡೆಯೊಳಗೆ ಹಾಲು ಹೊಕ್ಕರೆ ತೊಳೆಯಲು ಬರುವುದಿಲ್ಲ. ಕೊಳ್ಳಬಾರದು. ಹಿಡಿ ಒತ್ತುವ ಕೈಪಂಪು ಆಗೊಮ್ಮೆ ಈಗೊಮ್ಮೆ ಬಳಸುವವರಿಗೆ ಸಾಕು. ಕರೆಂಟು ಬೇಡ, ಸದ್ದಿಲ್ಲ, ಬಸ್ಸಿನಲ್ಲೂ ಚೀಲದಲ್ಲಿಟ್ಟು ಒಯ್ಯಬಹುದು. ದಿನವೂ ಮೂರು ನಾಲ್ಕು ಸಲ ತೆಗೆಯಬೇಕಾದವರಿಗೆ ಎರಡೂ ಎದೆಗೆ ಒಟ್ಟಿಗೆ ಹಿಡಿಯುವ ಡಬಲ್ ಎಲೆಕ್ಟ್ರಿಕ್ ಪಂಪು ಅರ್ಧ ಸಮಯ ಉಳಿಸುತ್ತದೆ. ಬ್ರಾ ಒಳಗಿಡುವಂಥವು ಅನುಕೂಲವೇನೋ ಸರಿ, ಆದರೆ ಒಳಗೆ ತೊಟ್ಟು ಸರಿಯಾಗಿ ಕೂತಿದೆಯೇ ಎಂದು ನೋಡುವುದು ಕಷ್ಟ. ಹಾಲೂಡಿಕೆ ಇನ್ನೂ ನೆಲೆಗೊಳ್ಳದ ಮೊದಲ ವಾರಗಳಲ್ಲಿ ಅವುಗಳನ್ನೇ ನೆಚ್ಚಿಕೊಳ್ಳುವುದು ಜಾಣತನವಲ್ಲ. ಹಲವರು ಬಳಸಲೆಂದೇ ತಯಾರಾದ ಭಾರಿ ಯಂತ್ರಗಳು ಆಸ್ಪತ್ರೆಗಳಲ್ಲಿರುತ್ತವೆ. ಬೆಂಗಳೂರಿನಂಥ ಊರಲ್ಲಿ ಬಾಡಿಗೆಗೂ ಸಿಗುತ್ತವೆ.

ಇವೆಲ್ಲಕ್ಕೂ ಹಿರಿದಾದದ್ದು ಕೈ. ಹೆರಿಗೆಯಾದ ಮೊದಲ ಎರಡು ಮೂರು ದಿನದ ಹಳದಿ ಹಾಲು ಮಂದವಾಗಿದ್ದು, ಚಮಚದ ಲೆಕ್ಕದಲ್ಲಿ ಬರುತ್ತದೆ. ಪಂಪಿಗೆ ಹಿಡಿದರೆ ಅದು ಆಲಿಕೆ, ಕವಾಟಗಳಿಗೆ ಅಂಟಿಕೊಂಡು ಹಾಳಾಗುತ್ತದೆ. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ತೊಟ್ಟಿನಿಂದ ಎರಡು ಮೂರು ಸೆಂಟಿಮೀಟರ್ ಹಿಂದೆ ಹಿಡಿದು, ಮೊದಲು ಎದೆಗೂಡಿನ ಕಡೆಗೆ ಒತ್ತಿ ಆಮೇಲೆ ಬೆರಳು ಕೂಡಿಸಿದರೆ ಹನಿ ನೇರ ಚಮಚಕ್ಕೇ ಬೀಳುತ್ತದೆ. ತೊಟ್ಟನ್ನೇ ಹಿಂಡಬಾರದು, ಚರ್ಮದ ಮೇಲೆ ಬೆರಳನ್ನು ಎಳೆಯಲೂ ಬಾರದು. ಈ ವಿದ್ಯೆಯನ್ನು ಆಸ್ಪತ್ರೆ ಬಿಡುವ ಮುನ್ನ ನರ್ಸಮ್ಮನಿಂದ ಕಲಿತುಕೊಂಡ ತಾಯಿ ಕರೆಂಟು ಹೋದ ರಾತ್ರಿ ಗಾಬರಿ ಬೀಳುವುದಿಲ್ಲ.

ಆಲಿಕೆಯ ಅಳತೆ

ಪಂಪಿನಲ್ಲಿ ಎದೆಗೆ ತಾಗುವ ಭಾಗ ಆಲಿಕೆಯಂತಿದೆ. ಇದನ್ನು ಫ್ಲಾಂಜ್ ಎನ್ನುತ್ತಾರೆ. ಅಗಲ ಬಾಯಿಯ ಹಿಂದೆ ಒಂದು ಕೊಳವೆ. ತೊಟ್ಟು ಅದರೊಳಗೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ. ಪಂಪಿನ ನೋವಿನ ದೂರುಗಳಲ್ಲಿ ಬಹುಪಾಲು ಈ ಕೊಳವೆಯ ಅಳತೆಗೆ ಸಂಬಂಧಿಸಿದ್ದು. ಡಬ್ಬಿಯೊಳಗೆ ಸಾಮಾನ್ಯವಾಗಿ 24 ಮಿಲಿಮೀಟರಿನದು ಒಂದೇ ಬಂದಿರುತ್ತದೆ, ಕೆಲವೊಮ್ಮೆ ಜೊತೆಗೆ 27ರದ್ದೂ. ಎಲ್ಲರ ಕಾಲಿಗೂ ಒಂದೇ ನಂಬರಿನ ಚಪ್ಪಲಿ ಕೊಟ್ಟಂತೆ ಇದು.

ಅಳೆಯುವುದು ಸುಲಭ. ಶಾಲೆಯ ಸ್ಕೇಲು ಸಾಕು. ಹಾಲೂಡಿಸುವ ಮುನ್ನ, ತೊಟ್ಟು ಊದಿಕೊಂಡಿರದ ಹೊತ್ತಿನಲ್ಲಿ, ಅದರ ಬುಡದ ಅಗಲವನ್ನು ಮಿಲಿಮೀಟರಿನಲ್ಲಿ ಅಳೆಯಬೇಕು. ಸುತ್ತಲಿನ ಕಪ್ಪು ವರ್ತುಲ ಲೆಕ್ಕಕ್ಕಿಲ್ಲ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಇರಬಹುದಾದ್ದರಿಂದ ಎರಡನ್ನೂ ಅಳೆಯಬೇಕು. ಅಳತೆಗೆ ನಾಲ್ಕು ಮಿಲಿಮೀಟರಿನವರೆಗೆ ಕೂಡಿಸಿ ಆಲಿಕೆ ಆರಿಸಿಕೊಳ್ಳಿ ಎಂಬುದು ಹಳೆಯ ಸೂಚನೆ. ಈಚಿನ ಸಲಹೆಗಾರರಲ್ಲಿ ಹಲವರು ಅಷ್ಟು ಕೂಡಿಸುವುದಿಲ್ಲ. ತೊಟ್ಟಿನ ಅಗಲಕ್ಕೆ ಹತ್ತಿರದ ಅಳತೆಯಿಂದಲೇ ಆರಂಭಿಸಿ ನೋಡಿ ಎನ್ನುತ್ತಾರೆ. ಕೊನೆಯ ತೀರ್ಪು ಕಣ್ಣಿಗೂ ಮೈಗೂ ಸೇರಿದ್ದು. ತೊಟ್ಟು ಕೊಳವೆಯ ಗೋಡೆಗೆ ಉಜ್ಜಿ ಕೆಂಪಾಗುತ್ತಿದ್ದರೆ, ತುದಿ ಬಿಳಿಚಿಕೊಳ್ಳುತ್ತಿದ್ದರೆ ಅದು ಚಿಕ್ಕದು. ಕಪ್ಪು ವರ್ತುಲವೆಲ್ಲ ಒಳಕ್ಕೆ ಎಳೆದುಕೊಂಡು, ಬಳಸಿದ ಮೇಲೆ ತೊಟ್ಟಿನ ಬುಡ ಊದಿ ಉಂಗುರದಂಥ ಗುರುತು ಉಳಿಯುತ್ತಿದ್ದರೆ ದೊಡ್ಡದು. ಭಾರತೀಯ ಮಾರುಕಟ್ಟೆಯಲ್ಲಿ ಪಂಪು ಸಿಕ್ಕಷ್ಟು ಸುಲಭವಾಗಿ ಬೇರೆ ಅಳತೆಯ ಆಲಿಕೆ ಸಿಗುವುದಿಲ್ಲ. ದೊಡ್ಡ ಆಲಿಕೆಯೊಳಗೆ ತೂರಿಸುವ ಸಿಲಿಕೋನ್ ಉಂಗುರಗಳನ್ನು ಆನ್‌ಲೈನಿನಲ್ಲಿ ತರಿಸಿಕೊಳ್ಳಬಹುದು. ಕೊಳವೆಯ ಒಳಗೋಡೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೂ ಉಜ್ಜಾಟ ತಗ್ಗುತ್ತದೆ.

ಒಂದು ಸರದಿ

ಕಚೇರಿಯೊಂದರ ಚಿಕ್ಕ ಕೋಣೆ, ಬೆಳಗಿನ ಹನ್ನೊಂದು ಗಂಟೆ ಎಂದಿಟ್ಟುಕೊಳ್ಳೋಣ. ತಾಯಿ ಕೈ ತೊಳೆದುಕೊಂಡು ಬಂದು, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಕೂರುತ್ತಾಳೆ. ಮುಂದಕ್ಕೆ ಬಗ್ಗಿ ಸೀಸೆಯನ್ನೇ ನೋಡುತ್ತ ಕೂತರೆ ಹದಿನೈದೇ ನಿಮಿಷದಲ್ಲಿ ಕತ್ತು ಹಿಡಿದುಕೊಳ್ಳುತ್ತದೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಕರವಸ್ತ್ರವನ್ನು ಎದೆಯ ಮೇಲೆ ಒಂದು ನಿಮಿಷ ಇಟ್ಟು, ಅಂಗೈಯಿಂದ ಹಗುರವಾಗಿ ನೀವಿಕೊಳ್ಳುತ್ತಾಳೆ. ಫೋನಿನಲ್ಲಿ ಮಗುವಿನ ವಿಡಿಯೋ ಹಾಕುತ್ತಾಳೆ. ಮಗು ಹೊದ್ದ ದುಪ್ಪಟಿಯ ತುಂಡನ್ನು ಚೀಲದಲ್ಲಿ ತಂದು ಮೂಸುವವರೂ ಉಂಟು. ನಗಬೇಕಾದ್ದೇನಿಲ್ಲ. ಹಾಲು ತೆಗೆಯುವ ವಿಧಾನಗಳನ್ನು ಕುರಿತ ಅಧ್ಯಯನಗಳನ್ನು ಒಟ್ಟುಮಾಡಿ ಪರಿಶೀಲಿಸಿದ 2016ರ ಕಾಕ್ರೇನ್ ವರದಿಯ ಪ್ರಕಾರ, ಸಂಗೀತ ಕೇಳುವುದು, ಬಿಸಿ ಶಾಖ, ನೀವುವುದು, ಮನಸ್ಸನ್ನು ಹಗುರ ಮಾಡಿಕೊಳ್ಳುವುದು ಮುಂತಾದ ಖರ್ಚಿಲ್ಲದ ಉಪಾಯಗಳಿಂದ ಹಾಲಿನ ಪ್ರಮಾಣ ಹೆಚ್ಚಬಲ್ಲದು.

ತೊಟ್ಟು ಕೊಳವೆಯ ನಟ್ಟನಡುವೆ ಬರುವಂತೆ ಆಲಿಕೆಯನ್ನು ಇಟ್ಟು, ಅಂಚಿನಿಂದ ಗಾಳಿ ಸೋರದಿರುವಷ್ಟೇ ಒತ್ತುತ್ತಾಳೆ. ಗುಂಡಿ ಒತ್ತಿದಾಗ ಯಂತ್ರ ಮೊದಲು ಸರಸರ, ಹಗುರವಾಗಿ ಎಳೆಯುತ್ತದೆ. ಹಾಲು ಇನ್ನೂ ಇಳಿಯದಿದ್ದಾಗ ಮಗು ಸೆಕೆಂಡಿಗೆ ಎರಡು ಸಲ ಚೀಪುವುದರ ಅನುಕರಣೆ ಇದು. ಒಂದೆರಡು ನಿಮಿಷದಲ್ಲಿ ಎದೆ ಜುಮ್ಮೆಂದು, ಹನಿ ಹೋಗಿ ಎಳೆಯಾಗಿ ಹಾಲು ಚಿಮ್ಮುತ್ತದೆ. ಆಗ ಎರಡನೆಯ ಗುಂಡಿ, ಅಂದರೆ ನಿಧಾನವಾದ, ಆಳವಾದ ಎಳೆತ. ಮಗುವೂ ಆಗ ಸೆಕೆಂಡಿಗೊಮ್ಮೆ ಎಳೆದು ನುಂಗುತ್ತದೆ.

ಎಳೆತದ ಮಟ್ಟವನ್ನು ಆರಿಸಲು ಒಂದು ಸರಳ ಉಪಾಯವಿದೆ. ಒಂದೊಂದೇ ಮೆಟ್ಟಿಲು ಏರಿಸುತ್ತ ಹೋಗಿ, ಎಲ್ಲಿ ಸ್ವಲ್ಪ ಕಿರಿಕಿರಿ ಅನಿಸಿತೋ ಅಲ್ಲಿಂದ ಒಂದು ಮೆಟ್ಟಿಲು ಇಳಿಯುವುದು. ಬಲ ಹೆಚ್ಚಿಸಿದರೆ ಹಾಲು ಹೆಚ್ಚೀತೆಂಬ ಆಸೆ ಕೈಕೊಡುತ್ತದೆ. ಮಗುವಿನ ಬಾಯಿಯ ಎಳೆತ ಗರಿಷ್ಠವೆಂದರೂ ಸರಾಸರಿ 145 ಮಿಲಿಮೀಟರ್ ಪಾದರಸದ ಆಸುಪಾಸು; ಹಲವು ಪಂಪುಗಳು 250ರವರೆಗೂ ಹೋಗಬಲ್ಲವು. ಯಂತ್ರಕ್ಕೆ ಆಗುತ್ತದೆ ಎಂದು ಮೈಗೂ ಆಗಬೇಕೆಂದಿಲ್ಲ.

ಎಳೆ ನಿಂತು ಹನಿಗೆ ಇಳಿದಾಗ ಬಿಡುವಿರುವ ಕೈಯಿಂದ ಎದೆಯನ್ನು ಸುತ್ತಲೂ ಮೆಲ್ಲಗೆ ಒತ್ತುತ್ತಾಳೆ. ಮತ್ತೊಮ್ಮೆ ಸೊರೆ ಬಿಡುವುದುಂಟು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನ ಮಕ್ಕಳ ವೈದ್ಯೆ ಜೇನ್ ಮಾರ್ಟನ್ ಅವಧಿಪೂರ್ವ ಶಿಶುಗಳ ತಾಯಂದಿರಲ್ಲಿ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಂಪಿನ ಜೊತೆ ಕೈಯನ್ನೂ ಬಳಸಿದವರಲ್ಲಿ ಹಾಲಿನ ಉತ್ಪತ್ತಿ ಗಣನೀಯವಾಗಿ ಏರಿತ್ತು. ಹದಿನೈದರಿಂದ ಇಪ್ಪತ್ತು ನಿಮಿಷಕ್ಕೆ ಸರದಿ ಮುಗಿಯುತ್ತದೆ. ಆಲಿಕೆ ತೆಗೆಯುವ ಮುನ್ನ ಯಂತ್ರ ನಿಲ್ಲಿಸಬೇಕು, ಅಥವಾ ಅಂಚಿನಲ್ಲಿ ಬೆರಳು ತೂರಿಸಿ ಗಾಳಿ ಬಿಡಬೇಕು. ಹಾಗೇ ಕಿತ್ತರೆ ನೋಯುತ್ತದೆ. ಕೊನೆಯ ಹನಿ ಹಾಲನ್ನೇ ತೊಟ್ಟಿಗೆ ಸವರಿ ಆರಲು ಬಿಡುವುದು ಹಳೆಯ ರೂಢಿ, ಒಳ್ಳೆಯ ರೂಢಿ.

ಇಷ್ಟೆಲ್ಲ ಮಾಡಿಯೂ ನಿನ್ನೆಯವರೆಗೆ ಬರುತ್ತಿದ್ದ ಹಾಲು ಇಂದು ದಿಢೀರನೆ ಅರ್ಧಕ್ಕಿಳಿದರೆ ಎದೆಯನ್ನು ಬೈದುಕೊಳ್ಳುವ ಮೊದಲು ಕವಾಟವನ್ನು ನೋಡಬೇಕು. ಆಲಿಕೆಯ ಅಡಿಯಲ್ಲಿ ಬಾತುಕೋಳಿಯ ಕೊಕ್ಕಿನಂಥ, ಕೆಲವು ಪಂಪಿನಲ್ಲಿ ಉಗುರಿನಷ್ಟೇ ಅಗಲದ ಬಿಳಿ ಪೊರೆಯಂಥ, ಸಿಲಿಕೋನಿನ ಚೂರೊಂದಿರುತ್ತದೆ. ತೊಳೆಯುವಾಗ ಬ್ರಷ್ಷು ತಾಗಿ ಅದರ ಸೀಳು ಕೂದಲೆಳೆಯಷ್ಟು ಹರಿದರೂ ಎಳೆತ ಕುಸಿಯುತ್ತದೆ. ದಿನವೂ ಬಳಸುವವರು ಎರಡು ಮೂರು ತಿಂಗಳಿಗೊಮ್ಮೆ ಇದನ್ನು ಬದಲಿಸಬೇಕು. ತನ್ನ ಹಾಲು ಬತ್ತಿತೆಂದು ಅತ್ತು ಪುಡಿಹಾಲು ತರಿಸಿದ ಎಷ್ಟೋ ಮನೆಗಳಲ್ಲಿ ಬತ್ತಿದ್ದು ಈ ಚೂರು.

ಸೀಸೆಯ ಲೆಕ್ಕ

ಪಂಪಿನ ದೊಡ್ಡ ಅಪಾಯ ಅದರ ಸೀಸೆಯ ಮೇಲಿನ ಗೆರೆಗಳಲ್ಲಿದೆ. ಎದೆಗೆ ಕಚ್ಚಿ ಕುಡಿಯುವ ಮಗು ಎಷ್ಟು ಕುಡಿಯಿತೆಂದು ಯಾರಿಗೂ ಕಾಣುವುದಿಲ್ಲ. ಸೀಸೆ ಮಾತ್ರ ಮಿಲಿಲೀಟರಿನಲ್ಲಿ ಮಾತಾಡುತ್ತದೆ. ಮಗುವಿಗೆ ಹಾಲೂಡಿಸುತ್ತಲೇ ನಡುವೆ ಪಂಪು ಮಾಡುವ ತಾಯಿಗೆ ಒಂದು ಸರದಿಗೆ ಎರಡೂ ಕಡೆ ಸೇರಿ 15ರಿಂದ 60 ಮಿಲಿ ಸಿಕ್ಕರೆ ಅದು ಸರಿಯಾದ ಪ್ರಮಾಣವೇ. ಪಂಪಿಗಿಂತ ಮಗು ಹಾಲು ತೆಗೆಯುವುದರಲ್ಲಿ ಚುರುಕು. ಪಂಪಿಗೆ ಕಡಿಮೆ ಬಂತೆಂದ ಮಾತ್ರಕ್ಕೆ ಎದೆಯಲ್ಲಿ ಇಲ್ಲವೆಂದಲ್ಲ. ಬೆಳಗಿನ ಜಾವ ಹೆಚ್ಚು, ಸಂಜೆಗೆ ಕಡಿಮೆ. ಬಲಗಡೆ ಹೆಚ್ಚು, ಎಡಗಡೆ ಕಡಿಮೆ, ಅಥವಾ ತಿರುಗಮುರುಗ. ಇವೆಲ್ಲ ಸಾಮಾನ್ಯ.

ಒಂದು ತಿಂಗಳು ತುಂಬಿದ ಮೇಲೆ ಆರು ತಿಂಗಳವರೆಗೆ, ಎದೆಹಾಲನ್ನಷ್ಟೇ ಕುಡಿಯುವ ಮಗು ದಿನಕ್ಕೆ ಸರಾಸರಿ 750ರಿಂದ 800 ಮಿಲಿ ಕುಡಿಯುತ್ತದೆ. ಮಗು ಬೆಳೆದಂತೆ ಈ ಪ್ರಮಾಣ ಹೆಚ್ಚೇನೂ ಏರುವುದಿಲ್ಲ. ತಾಯಿ ಎಂಟು ಗಂಟೆ ಹೊರಗಿದ್ದರೆ ಮನೆಯಲ್ಲಿ 250ರಿಂದ 350 ಮಿಲಿ ಇದ್ದರಾಯಿತು. ಫ್ರೀಜರ್ ತುಂಬ ಹಾಲಿನ ಚೀಲಗಳನ್ನು ಪೇರಿಸಿಟ್ಟ ಫೋಟೋಗಳಿಗೆ ಮರುಳಾಗಿ ದಿನಕ್ಕೆ ಎಂಟು ಸಲ ಪಂಪು ಹಿಡಿಯುವ ಅಗತ್ಯವಿಲ್ಲ. ಪೂರ್ಣ ಅವಧಿಗೆ ಹುಟ್ಟಿ ಚೆನ್ನಾಗಿ ಕುಡಿಯುತ್ತಿರುವ ಮಗುವಾದರೆ ಮೊದಲ ನಾಲ್ಕರಿಂದ ಆರು ವಾರ ಪಂಪನ್ನು ದೂರವಿಟ್ಟು, ಕೆಲಸಕ್ಕೆ ಮರಳುವ ಎರಡು ಮೂರು ವಾರ ಮೊದಲು ದಿನಕ್ಕೊಮ್ಮೆ, ಬೆಳಗಿನ ಹೊತ್ತು ಶುರುಮಾಡಿದರೆ ಸಾಕು. ಎನ್‌ಐಸಿಯುನಲ್ಲಿರುವ ಮಗುವಿನ ತಾಯಿಯ ಮಾತು ಬೇರೆ. ಆಕೆ ಹೆರಿಗೆಯಾದ ಮೊದಲ ಗಂಟೆಗಳಲ್ಲೇ ತೊಡಗಬೇಕು; ದಿನಕ್ಕೆ ಕನಿಷ್ಠ ಎಂಟು ಸಲ, ಅದರಲ್ಲಿ ರಾತ್ರಿಯದು ಒಂದಾದರೂ ಇರಬೇಕು. ಮುಂದಿನ ತಿಂಗಳುಗಳ ಹಾಲನ್ನು ಆ ಮೊದಲ ಎರಡು ವಾರ ತೀರ್ಮಾನಿಸುತ್ತವೆ.

ಎದೆ ಕಟ್ಟಿದಾಗ

ಎದೆ ಕಟ್ಟಿದರೆ ಬಿಸಿ ಶಾಖ ಕೊಟ್ಟು, ಗಂಟುಗಳನ್ನು ಬಲವಾಗಿ ತಿಕ್ಕಿ, ಪಂಪಿನಿಂದ ಪೂರ್ತಿ ಖಾಲಿ ಮಾಡಬೇಕೆಂದು ಮನೆಯ ಹಿರಿಯರೂ ವೈದ್ಯರೂ ಬಹುಕಾಲ ಹೇಳುತ್ತಿದ್ದರು. ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದನ್ನು ಬಹುಮಟ್ಟಿಗೆ ತಿರುಗಿಸಿತು. ಕಟ್ಟಿದ ಎದೆಯಲ್ಲಿ ಹಾಲಿನಷ್ಟೇ ಊತವೂ ಇದೆ; ಬಲವಾಗಿ ತಿಕ್ಕಿದರೆ ಊತ ಹೆಚ್ಚುತ್ತದೆ, ಪಂಪಿನಿಂದ ಪದೇ ಪದೇ ಬರಿದು ಮಾಡಿದರೆ ಎದೆ ಇನ್ನಷ್ಟು ತಯಾರಿಸುತ್ತದೆ. ಮಗುವಿಗೆ ಎಂದಿನಂತೆ ಹಾಲೂಡಿಸಿ, ನಡುವೆ ತಣ್ಣನೆಯ ಬಟ್ಟೆ ಇಟ್ಟು, ಮಗುವಿಗೆ ತೊಟ್ಟು ಸಿಗುವಷ್ಟು ಮೆದುವಾಗುವವರೆಗೆ ಮಾತ್ರ ಹಾಲು ತೆಗೆಯಬೇಕೆಂಬುದು ಈಗಿನ ಸಲಹೆ. ಜ್ವರ, ಚಳಿ, ಕೆಂಪಾದ ನೋಯುವ ಭಾಗ ಒಂದು ದಿನದಲ್ಲಿ ತಗ್ಗದಿದ್ದರೆ ವೈದ್ಯರ ಬಳಿ ಹೋಗಬೇಕು. ಹಾಲೂಡಿಸುವುದನ್ನು ನಿಲ್ಲಿಸಬೇಕಿಲ್ಲ.

ಶುಚಿ, ಶೇಖರಣೆ, ಉಣಿಸುವಿಕೆ

ಹಾಲು ತಾಗಿದ ಭಾಗಗಳನ್ನೆಲ್ಲ ಪ್ರತಿಸಲ ಬಿಡಿಸಿ ಸೋಪುನೀರಲ್ಲಿ ತೊಳೆಯಬೇಕು. ಪಾತ್ರೆ ತೊಳೆಯುವ ಸಿಂಕಿನಲ್ಲಿ ಬೇಡ, ಅದಕ್ಕೆಂದೇ ಇಟ್ಟ ಬೋಗುಣಿಯಲ್ಲಿ. ಬಟ್ಟೆಯಿಂದ ಒರೆಸದೆ ಗಾಳಿಗೆ ಆರಿಸಬೇಕು. ಎರಡು ತಿಂಗಳೊಳಗಿನ ಅಥವಾ ಅವಧಿಗೆ ಮುನ್ನ ಹುಟ್ಟಿದ ಮಗುವಾದರೆ ದಿನಕ್ಕೊಮ್ಮೆ ಐದು ನಿಮಿಷ ಕುದಿಸಬೇಕು. ಗಾಳಿಯ ಕೊಳವೆಯನ್ನು ಕುದಿಸಬಾರದು.

ತೆಗೆದ ಹಾಲು ಹೊರಗೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ, ಫ್ರೀಜರಿನಲ್ಲಿ ಆರು ತಿಂಗಳು ಎಂಬುದು ಅಮೆರಿಕದ ಸಿಡಿಸಿ ಸಂಸ್ಥೆಯ ಸೂತ್ರ. ಅದರಲ್ಲಿ ಹೊರಗೆ ಎಂದರೆ 25 ಡಿಗ್ರಿ ಸೆಲ್ಷಿಯಸ್ಸು ಅಥವಾ ಅದಕ್ಕೂ ಕಡಿಮೆ. ಮಡಿಕೇರಿಯ ಮನೆಗೆ ಒಪ್ಪುವ ಈ ಲೆಕ್ಕ ಏಪ್ರಿಲಿನ ಕಲಬುರಗಿಗೆ, ರಾಯಚೂರಿಗೆ ಒಪ್ಪುವುದಿಲ್ಲ. ಅಲ್ಲಿ ತೆಗೆದ ಕೂಡಲೇ ತಣ್ಣಗಿಡಬೇಕು. ಕರೆಂಟು ಗಂಟೆಗಟ್ಟಲೆ ಹೋಗುವ ಊರಲ್ಲಿ ಫ್ರೀಜರನ್ನು ನಂಬಿ ತಿಂಗಳುಗಟ್ಟಲೆ ಕೂಡಿಡುವುದೂ ತರವಲ್ಲ. ಫ್ರಿಜ್ಜಿನ ಬಾಗಿಲಿನ ಅರೆಯಲ್ಲಿ ಇಡದೆ ಒಳಗಡೆ, ಹಿಂದಕ್ಕೆ ಇಡಬೇಕು. ನಿಂತ ಹಾಲಿನ ಮೇಲೆ ಕೆನೆ ಕಟ್ಟುತ್ತದೆ. ಕೆಟ್ಟಿದೆಯೆಂದು ಚೆಲ್ಲದೆ ಮೆಲ್ಲಗೆ ತಿರುಗಿಸಿದರೆ ಬೆರೆಯುತ್ತದೆ. ಬೆಚ್ಚಗಾಗಿಸಲು ಬಿಸಿನೀರಿನ ಬಟ್ಟಲಲ್ಲಿ ಇಟ್ಟರಾಯಿತು, ಒಲೆಯ ಮೇಲೂ ಮೈಕ್ರೋವೇವಿನಲ್ಲೂ ಇಡಬಾರದು. ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬಾರದು.

ಉಣಿಸುವುದಕ್ಕೆ ಸೀಸೆಯೇ ಬೇಕೆಂದಿಲ್ಲ. ಅಜ್ಜಿಯರ ಕಾಲದ ಒಳಲೆ ಇನ್ನೂ ಅನೇಕ ಮನೆಗಳಲ್ಲಿದೆ, ಬೆಳ್ಳಿಯದು, ಇಲ್ಲವೇ ಸ್ಟೀಲಿನದು. ಅದರ ಮೂತಿಯನ್ನು ತುಟಿಯ ಮೂಲೆಗೆ ತಾಗಿಸಿ ಸ್ವಲ್ಪ ಸ್ವಲ್ಪವಾಗಿ ಬಗ್ಗಿಸಿದರೆ ಮಗು ತನ್ನ ವೇಗದಲ್ಲಿ ನುಂಗುತ್ತದೆ. ತಮಿಳುನಾಡಿನವರು ಪಾಲಡೈ ಎನ್ನುವ ಇದನ್ನು ನಮ್ಮ ಆಸ್ಪತ್ರೆಗಳ ನವಜಾತ ಶಿಶು ವಿಭಾಗಗಳೂ ಬಳಸುತ್ತವೆ. ತೊಳೆಯುವುದು ಸುಲಭ, ರಬ್ಬರ್ ತೊಟ್ಟಿನ ರೂಢಿಯಾಗಿ ಮಗು ಎದೆಯನ್ನು ಬಿಟ್ಟೀತೆಂಬ ಭಯವೂ ಇಲ್ಲ. ಆದರೆ ಮಲಗಿಸಿ ಬಾಯಿಗೆ ಸುರಿಯಬಾರದು, ನೆತ್ತಿಗೇರುತ್ತದೆ. ತಲೆಯೆತ್ತಿ ತೊಡೆಯ ಮೇಲೆ ಕೂರಿಸಿಕೊಳ್ಳಬೇಕು.

ಕೆಲಸದ ಜಾಗ, ಕಾನೂನು, ಹಾಲಿನ ಬ್ಯಾಂಕು

ಪಂಪಿನ ಬಗ್ಗೆ ಸಿಗುವ ಸಾಹಿತ್ಯದಲ್ಲಿ ಬಹುಪಾಲು ಅಮೆರಿಕದ್ದು. ಅಲ್ಲಿ ಸಂಬಳಸಹಿತ ಹೆರಿಗೆ ರಜೆಗೆ ರಾಷ್ಟ್ರೀಯ ಕಾನೂನಿಲ್ಲ. ಕೆಲವೇ ವಾರದಲ್ಲಿ ಕೆಲಸಕ್ಕೆ ಮರಳುವ ತಾಯಂದಿರಿಗೆ ಪಂಪು ಅನಿವಾರ್ಯ. 2010ರ ಆರೋಗ್ಯ ಕಾಯಿದೆ ಅಲ್ಲಿ ವಿಮೆಯ ಮೂಲಕ ಪಂಪು ಕೊಡಿಸಿತು, ರಜೆ ಕೊಡಿಸಲಿಲ್ಲ. ಭಾರತ 2017ರ ತಿದ್ದುಪಡಿಯಿಂದ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು; 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವಿರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಎಂದಿತು. ಒಳ್ಳೆಯ ಕಾನೂನು. ಮನೆಗೆಲಸದವರಿಗೆ, ಗದ್ದೆಯಲ್ಲಿ ನಾಟಿ ಹಾಕುವವರಿಗೆ, ಕಟ್ಟಡ ಕೆಲಸದ ದಿನಗೂಲಿಯವರಿಗೆ ಅದು ತಲುಪಿಲ್ಲ. ದೇಶದಲ್ಲಿ ಆರು ತಿಂಗಳೊಳಗಿನ ಮಕ್ಕಳಲ್ಲಿ ಎದೆಹಾಲನ್ನಷ್ಟೇ ಕುಡಿಯುವವರು ಶೇ. 63.7 ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಹಾಲೂಡಿಸುವುದು ತಾಯಿಯ ಮೂಲಭೂತ ಹಕ್ಕಿನ ಭಾಗವೆಂದು ಕರ್ನಾಟಕ ಹೈಕೋರ್ಟ್ 2021ರಲ್ಲಿ ಹೇಳಿದೆ. ಆ ಹಕ್ಕಿಗೆ ಕಚೇರಿಯಲ್ಲಿ ಬೇಕಾದ್ದು ಚಿಲಕವಿರುವ ಒಂದು ಕೋಣೆ, ಕುರ್ಚಿ, ಪ್ಲಗ್ಗು, ಕೈ ತೊಳೆಯಲು ನಲ್ಲಿ. ಶೌಚಾಲಯವನ್ನು ತೋರಿಸುವುದು ಉತ್ತರವಲ್ಲ. ಊಟದ ಡಬ್ಬಿಯನ್ನು ಯಾರೂ ಅಲ್ಲಿ ಬಿಚ್ಚುವುದಿಲ್ಲ.

ತನ್ನ ಮಗುವಿಗೆ ಮಿಕ್ಕು ಹಾಲಿರುವ ತಾಯಿ ಅದನ್ನು ದಾನ ಮಾಡಬಹುದು. ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕನ್ನು ಮಕ್ಕಳ ವೈದ್ಯೆ ಅರ್ಮಿಡಾ ಫೆರ್ನಾಂಡಿಸ್ ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ 1989ರಲ್ಲಿ ಆರಂಭಿಸಿದರು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ‘ಅಮೃತಧಾರೆ’ 2022ರಲ್ಲಿ ತೆರೆಯಿತು. ದಾನಿಯ ರಕ್ತಪರೀಕ್ಷೆ ನಡೆಸಿ, ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಪಾಶ್ಚರೀಕರಿಸಿ, ತಾಯಿಯ ಹಾಲು ಸಿಗದ ಎನ್‌ಐಸಿಯು ಶಿಶುಗಳಿಗೆ ಕೊಡುತ್ತಾರೆ. ಎದೆಹಾಲನ್ನು ಮಾರುವುದಕ್ಕೆ ಅನುಮತಿ ಇಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಮೇ ತಿಂಗಳಲ್ಲಿ ಇದನ್ನು ಸ್ಪಷ್ಟಪಡಿಸಿದೆ.

ಪಂಪು ಬಿಡುವ ಕಾಲ ಬಂದಾಗ ಒಮ್ಮೆಗೇ ನಿಲ್ಲಿಸಬಾರದು. ಮೂರು ನಾಲ್ಕು ದಿನಕ್ಕೊಂದು ಸರದಿ ಕಡಿಮೆ ಮಾಡುತ್ತ ಬಂದರೆ ಎದೆ ಕಟ್ಟದೆ ಹಾಲು ತಗ್ಗುತ್ತದೆ. ಆಮೇಲೆ ಉಳಿಯುವುದು ಕಪಾಟಿನಲ್ಲಿರುವ ಯಂತ್ರ. ಅಕ್ಕನದು ತಂಗಿಗೆ, ತಂಗಿಯದು ನಾದಿನಿಗೆ ಎಂದು ತೊಟ್ಟಿಲಿನಂತೆ ಇದನ್ನು ದಾಟಿಸಬೇಡಿ. ಒಬ್ಬರ ಬಳಕೆಗೆಂದು ತಯಾರಾದ ಪಂಪುಗಳಲ್ಲಿ ಹಾಲಿನ ಸಣ್ಣ ಹನಿಗಳು ಮೋಟಾರಿನವರೆಗೂ ಹೋಗಿರಬಹುದು. ಅಲ್ಲಿಗೆ ಯಾವ ಬ್ರಷ್ಷೂ ತಲುಪುವುದಿಲ್ಲ.